ಮುಕ್ತ ತಂತ್ರಾಂಶಗಳಿಗೆ ಧನಸಹಾಯ ಮತ್ತು ಅದರ ಹಂಚಿಕೆ: ವರ್ತಕರು ಅರಿಯಬೇಕಾದ ಕೆಲವು ಸಂಗತಿಗಳು

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಕ್ಷಿದಾರರೊಬ್ಬರ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತಿದ್ದಾಗ 20,000 ರೂ.ಗಳ ಒಂದು ನಮೂದು ಕಣ್ಣಿಗೆ ಬಿದ್ದಿತು. ವಿವರದ ಅಂಕಣದಲ್ಲಿ "ತಂತ್ರಾಂಶದವರಿಗೆ" ಎಂದಷ್ಟೇ ಇತ್ತು. ಬಿಲ್ಲು ಇರಲಿಲ್ಲ, ರಸೀದಿಯೂ ಇರಲಿಲ್ಲ. ವಿಚಾರಿಸಿದಾಗ, "ನಮ್ಮ ದಾಸ್ತಾನು ಲೆಕ್ಕವೆಲ್ಲ ಆ ತಂತ್ರಾಂಶದಲ್ಲೇ ನಡೆಯುವುದು ಸಾರ್. ಅದು ಪುಕ್ಕಟೆ. ಮಾಡಿದವರಿಗೆ ಏನಾದರೂ ಕೊಡೋಣ ಎಂದು ನಮ್ಮ ಹುಡುಗ ಹೇಳಿದ, ಕಳಿಸಿದೆವು" ಎಂದರು. ಯಾರ ಖಾತೆಗೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಹಣ ಪಡೆದವರು ಒಬ್ಬರೋ ಹತ್ತು ಜನರೋ, ಅದನ್ನು ಹೇಗೆ ಹಂಚಿಕೊಂಡರು ಎಂಬುದಂತೂ ಅವರ ಯೋಚನೆಗೇ ಬಂದಿರಲಿಲ್ಲ. ಇದನ್ನು ಯಾವ ಶೀರ್ಷಿಕೆಯಡಿ ಹಾಕಬೇಕೆಂಬುದು ನನ್ನ ಪ್ರಶ್ನೆ. ಧರ್ಮಕ್ಕೆ ಕೊಟ್ಟದ್ದಕ್ಕೂ ಇಷ್ಟು ವಿಚಾರಣೆಯೇ ಎಂಬುದು ಅವರ ಪ್ರಶ್ನೆ. ಪ್ರಸ್ತುತ ಲೇಖನ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟಿದುದಾಗಿದೆ.

ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಸಂಕೇತಗಳನ್ನು ಯಾರು ಬೇಕಾದರೂ ನೋಡಲು, ಬಳಸಲು, ತಿದ್ದಲು ಹಾಗೂ ಇತರರಿಗೆ ನೀಡಲು ಪರವಾನಗಿಯೇ ಅವಕಾಶ ಕೊಟ್ಟಿರುವ ತಂತ್ರಾಂಶ. ನಮ್ಮ ಸದಸ್ಯರ ಪೈಕಿ ಅನೇಕರು ತಿಳಿದೋ ತಿಳಿಯದೆಯೋ ಇವುಗಳ ಬಳಕೆದಾರರು. ಅಂಗಡಿಯ ಜಾಲತಾಣ ವರ್ಡ್‌ಪ್ರೆಸ್‌ನಲ್ಲಿದ್ದರೆ, ಅದನ್ನು ಇಟ್ಟಿರುವ ಸರ್ವರ್ ಲಿನಕ್ಸ್‌ನಲ್ಲಿ ನಡೆಯುತ್ತಿದ್ದರೆ, ಕಚೇರಿಯ ಪತ್ರವ್ಯವಹಾರ ಲಿಬ್ರೆಆಫೀಸ್‌ನಲ್ಲಿ ಸಾಗುತ್ತಿದ್ದರೆ, ಉತ್ಪಾದನೆ ಮತ್ತು ದಾಸ್ತಾನಿನ ಲೆಕ್ಕ ಮುಂಬಯಿಯ ಫ್ರಾಪ್ಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್‌ನಲ್ಲಿದ್ದರೆ, ಅವೆಲ್ಲವೂ ಮುಕ್ತ ತಂತ್ರಾಂಶಗಳೇ. ಬೆಲೆ ಇಲ್ಲವೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದಲ್ಲ. ಬರೆಯುವವನ ಸಮಯ, ದೋಷ ತಿದ್ದುವವನ ರಾತ್ರಿಗಳು, ಸರ್ವರಿನ ಬಾಡಿಗೆ, ವಿದ್ಯುತ್ ಬಿಲ್ಲು ಇವೆಲ್ಲವನ್ನೂ ಯಾರೋ ಒಬ್ಬರು ಭರಿಸುತ್ತಿರುತ್ತಾರೆ.

ವಿದ್ಯುತ್ ಬಿಲ್ಲು ಎಂದದ್ದು ಬರಿಯ ಮಾತಿಗಲ್ಲ. ಭದ್ರತೆಗೆ ಹೆಸರಾದ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ತಂಡವು ತನ್ನ ಯಂತ್ರಗಳ ವರ್ಷದ ವಿದ್ಯುತ್ ಬಿಲ್ಲಾದ ಸುಮಾರು 20,000 ಡಾಲರುಗಳನ್ನು ಹೊಂದಿಸಲಾಗದೆ, ಯೋಜನೆಯೇ ನಿಲ್ಲಬಹುದೆಂದು 2014ರ ಜನವರಿಯಲ್ಲಿ ಬಹಿರಂಗ ಮನವಿ ಮಾಡಿಕೊಂಡಿತು. ಕಾರ್ಖಾನೆ ನಡೆಸುವವರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೀಗ ಮಾಡಿದವನಿಗೆ ಕೂಲಿ ಇಲ್ಲ

ಅದೇ ವರ್ಷದ ಏಪ್ರಿಲ್‌ನಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗವೊಂದು ನಡೆಯಿತು. ಬ್ಯಾಂಕಿನ ಅಥವಾ ಅಂಗಡಿಯ ಜಾಲತಾಣವನ್ನು ತೆರೆದಾಗ ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಗುರುತಿನ ಹಿಂದೆ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ರಮುಖವಾದುದು. ಅದರಲ್ಲಿ "ಹಾರ್ಟ್‌ಬ್ಲೀಡ್" ಎಂದು ಹೆಸರಾದ ದೋಷವೊಂದು ಪ್ರಕಟವಾಯಿತು. ಸರ್ವರಿನ ನೆನಪಿನಲ್ಲಿದ್ದ ಗುಪ್ತಪದ, ಕೀಲಿ ಮುಂತಾದವುಗಳನ್ನು ಹೊರಗಿನವರು ಸದ್ದಿಲ್ಲದೆ ಓದಿಕೊಳ್ಳಲು ಅದು ಅವಕಾಶ ಕೊಡುತ್ತಿತ್ತು. ಎರಡು ವರ್ಷ ಯಾರ ಗಮನಕ್ಕೂ ಬಾರದೆ ಉಳಿದಿದ್ದ ದೋಷವದು.

ತಂತ್ರಜ್ಞರು ದೋಷವನ್ನು ನೋಡಿದರು. ಲೆಕ್ಕಿಗನಾದ ನನ್ನ ಗಮನ ಸೆಳೆದದ್ದು ಆ ಯೋಜನೆಯ ಆಯವ್ಯಯ. ಜಗತ್ತಿನ ಅಸಂಖ್ಯ ಉದ್ಯಮಗಳು ಆತುಕೊಂಡಿದ್ದ ಈ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು ಮಾತ್ರ. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ತಂಡದ ಜೀವನೋಪಾಯವು ಕೆಲವು ಕಂಪನಿಗಳು ಕೊಡುತ್ತಿದ್ದ ಸಲಹಾ ಗುತ್ತಿಗೆಗಳ ಮೇಲೆ ನಿಂತಿತ್ತು. ಗುತ್ತಿಗೆ ಕೊಟ್ಟವರು ತಮಗೆ ಬೇಕಾದ ಹೊಸ ಸೌಲಭ್ಯಗಳನ್ನು ಕೇಳುತ್ತಿದ್ದರೇ ವಿನಾ ಹಳೆಯ ಸಂಕೇತಗಳನ್ನು ಮತ್ತೊಮ್ಮೆ ಓದಿ ನೋಡಿ ಎಂದು ಹಣ ಕೊಡುವವರು ಇರಲಿಲ್ಲ. ಹೊಸ ಯಂತ್ರ ಕೊಳ್ಳಲು ಸಾಲ ಸಿಗುತ್ತದೆ, ಇರುವ ಯಂತ್ರಕ್ಕೆ ಎಣ್ಣೆ ಬಿಡಲು ಯಾವ ಬ್ಯಾಂಕೂ ಸಾಲ ಕೊಡದು.

ದೋಷ ಬಯಲಾದ ಮೇಲೆ ಹಣ ಹರಿದು ಬಂದಿತು. ಅದೇ ತಿಂಗಳಲ್ಲಿ ಲಿನಕ್ಸ್ ಫೌಂಡೇಶನ್ನಿನ ನೇತೃತ್ವದಲ್ಲಿ ಒಂದು ನಿಧಿ ಸ್ಥಾಪನೆಯಾಗಿ, ಹತ್ತಕ್ಕೂ ಮಿಕ್ಕ ದೊಡ್ಡ ಕಂಪನಿಗಳು ತಲಾ ವರ್ಷಕ್ಕೆ ಕನಿಷ್ಠ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡಲು ಒಪ್ಪಿದವು. ಇದೇ ಬಗೆಯಲ್ಲಿ, ಇ-ಅಂಚೆಗಳನ್ನು ಗುಪ್ತಗೊಳಿಸುವ ಗ್ನುಪಿಜಿ ತಂತ್ರಾಂಶವನ್ನು 1997ರಿಂದ ಬಹುಮಟ್ಟಿಗೆ ಒಬ್ಬರೇ ನಡೆಸಿಕೊಂಡು ಬಂದಿದ್ದ ಜರ್ಮನಿಯ ವೆರ್ನರ್ ಕಾಖ್ ಅವರ ಹಣದ ಮುಗ್ಗಟ್ಟು 2015ರ ಫೆಬ್ರವರಿಯಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾದ ಕೂಡಲೇ ಅವರು ಕೇಳಿದ್ದಕ್ಕಿಂತ ಹೆಚ್ಚು ಹಣ ಕೆಲವೇ ದಿನಗಳಲ್ಲಿ ಕೂಡಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ನಮ್ಮಲ್ಲಷ್ಟೇ ಇರುವ ಅಭ್ಯಾಸವಲ್ಲವೆಂದು ಸಮಾಧಾನಪಡಬಹುದು.

ಆದರೆ ಹಣ ಬಂದ ಮಾತ್ರಕ್ಕೆ ಸಮಸ್ಯೆ ತೀರಿತೆಂದು ಭಾವಿಸುವುದು ತಪ್ಪು. ಹಣವಿಲ್ಲದಿದ್ದಾಗ ಒಗ್ಗಟ್ಟಾಗಿದ್ದವರು ಹಣ ಬಂದಾಗ ಬೇರೆಯಾಗುವುದನ್ನು ಕೂಡುಕುಟುಂಬದ ವ್ಯಾಪಾರಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಮುಕ್ತ ತಂತ್ರಾಂಶ ಲೋಕದಲ್ಲಿಯೂ ಅಂಥದೊಂದು ಪ್ರಸಂಗವುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಡೆಬಿಯನ್ನಿನಲ್ಲಿ ನಡೆದದ್ದು

ಡೆಬಿಯನ್ ಎಂಬುದು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆ. ಹಲವು ದೇಶಗಳ ಸ್ವಯಂಸೇವಕರು ಸೇರಿ ನಡೆಸುವ ಸಂಘಟನೆ ಅದು. ತನ್ನದೇ ಸಂವಿಧಾನ, ಮತದಾನ, ವರ್ಷಕ್ಕೊಮ್ಮೆ ಚುನಾಯಿತನಾಗುವ ನಾಯಕ ಎಲ್ಲವೂ ಉಂಟು. ಅದರ ವಾರ್ಷಿಕ ಸಮ್ಮೇಳನವು 2023ರ ಸೆಪ್ಟೆಂಬರಿನಲ್ಲಿ ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಡೆಬಿಯನ್ ತಾನೇ ನೋಂದಾಯಿತ ಸಂಸ್ಥೆಯಾಗಿರದೆ, ಅದರ ಹಣವನ್ನು 1997ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತವಾದ "ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್" ಮೊದಲಾದ ಸಂಸ್ಥೆಗಳು ಇಟ್ಟುಕೊಂಡು ನೋಡಿಕೊಳ್ಳುತ್ತವೆ. ಬಂದ ದೇಣಿಗೆ ಯಂತ್ರಗಳ ಖರೀದಿಗೂ ಸಮ್ಮೇಳನಕ್ಕೆ ಬರುವವರ ಪ್ರಯಾಣಕ್ಕೂ ವಿನಿಯೋಗವಾಗುತ್ತಿತ್ತು. ಸಂಕೇತ ಬರೆಯುವವರಿಗೆ ಕೂಲಿ ಕೊಡುವ ಪದ್ಧತಿ ಇರಲಿಲ್ಲ.

2006ರಲ್ಲಿ ಹೊಸ ಆವೃತ್ತಿಯನ್ನು ಡಿಸೆಂಬರ್ 4ರೊಳಗೆ ಬಿಡುಗಡೆ ಮಾಡಬೇಕೆಂಬ ಗುರಿ ಇತ್ತು. ಡೆಬಿಯನ್ನಿನ ಬಿಡುಗಡೆಗಳು ತಡವಾಗುವುದಕ್ಕೆ ಹೆಸರಾಗಿದ್ದವು. ಆಗ ನಾಯಕರಾಗಿದ್ದ ಆಂಟನಿ ಟೌನ್ಸ್ ಮತ್ತು ಇತರ ಕೆಲವರು "ಡಂಕ್-ಟ್ಯಾಂಕ್" ಎಂಬ ಪ್ರತ್ಯೇಕ ಏರ್ಪಾಟು ಮಾಡಿ ದೇಣಿಗೆ ಸಂಗ್ರಹಿಸಿದರು. ಬಿಡುಗಡೆಯ ಉಸ್ತುವಾರಿ ಹೊತ್ತಿದ್ದ ಇಬ್ಬರಿಗೆ ತಲಾ ಒಂದು ತಿಂಗಳು ಹಣ ಕೊಟ್ಟು, ಅವರು ಬೇರೆ ಉದ್ಯೋಗದ ಚಿಂತೆಯಿಲ್ಲದೆ ಪೂರ್ಣಾವಧಿ ದುಡಿಯುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು.

ಪರಿಣಾಮ ಮಾತ್ರ ಬೇರೆಯಾಯಿತು. ಅವರಿಬ್ಬರಿಗೆ ಹಣವೆಂದರೆ ನಮ್ಮ ದುಡಿಮೆಗೆ ಬೆಲೆಯಿಲ್ಲವೆಂದೇ ಎಂದು ಇತರರು ಕೇಳಿದರು. ಕೆಲವರು ತಾವು ಇನ್ನು ಕಡಿಮೆ ಕೆಲಸ ಮಾಡುವುದಾಗಿ ಬಹಿರಂಗವಾಗಿಯೇ ಸಾರಿದರು. ನಾಯಕರನ್ನು ಪದಚ್ಯುತಗೊಳಿಸುವ ಗೊತ್ತುವಳಿ ಮತಕ್ಕೆ ಬಂದಿತು. ಅದು ಬಿದ್ದುಹೋಗಿ ಅವರು ಉಳಿದರು. ಡಿಸೆಂಬರಿನಲ್ಲಿ ಬರಬೇಕಾಗಿದ್ದ ಆವೃತ್ತಿ ಬಿಡುಗಡೆಯಾದದ್ದು 2007ರ ಏಪ್ರಿಲ್ 8ರಂದು. ವಿಳಂಬಕ್ಕೆಲ್ಲ ಈ ಹಣದ ವಿವಾದವೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಆದರೆ ವೇಗ ಹೆಚ್ಚಿಸಲೆಂದು ಕೊಟ್ಟ ಹಣ ವೇಗ ಹೆಚ್ಚಿಸಲಿಲ್ಲವೆಂಬುದು ಸ್ಪಷ್ಟ.

ಈ ಪ್ರಸಂಗವನ್ನು ಉದಾಹರಿಸಿ, ಸ್ವಯಂಸೇವೆಯ ಕಾರ್ಯದಲ್ಲಿ ಹಣದ ಮಾತೇ ಕೂಡದೆಂದು ವಾದಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ತಪ್ಪಾದದ್ದು ಹಣ ಕೊಟ್ಟದ್ದರಲ್ಲಲ್ಲ, ಆಯ್ಕೆ ಮಾಡಿದ ರೀತಿಯಲ್ಲಿ. ಸಂಘಟನೆಯ ನಾಯಕರೇ ಹಣ ಹಂಚುವ ಮಂಡಳಿಯಲ್ಲೂ ಇದ್ದರು. ಇದು ಸಂಘಟನೆಯದಲ್ಲ, ಹೊರಗಿನ ಏರ್ಪಾಟು ಎಂದು ಎಷ್ಟು ಹೇಳಿದರೂ ಎರಡೂ ಕಡೆ ಒಬ್ಬರೇ ಕುಳಿತಿದ್ದರೆ ಅದನ್ನು ನಂಬುವವರಾರು? ಕಂಪನಿಯ ನಿರ್ದೇಶಕನು ತನಗೆ ಸಂಬಂಧಿಸಿದ ಬೇರೊಂದು ಸಂಸ್ಥೆಯೊಡನೆ ವ್ಯವಹರಿಸಿದರೆ ನಾವು ಅದನ್ನು ಸಂಬಂಧಿತ ಪಕ್ಷಗಳ ವ್ಯವಹಾರವೆಂದು ಪ್ರತ್ಯೇಕವಾಗಿ ತೋರಿಸುವುದು ಈ ಕಾರಣಕ್ಕೇ. ಅಲ್ಲಿ ವಂಚನೆ ನಡೆದಿದೆಯೆಂದು ಅದರ ಅರ್ಥವಲ್ಲ. ಅನುಮಾನಕ್ಕೆ ಎಡೆಯಿರಬಾರದೆಂದು ಅರ್ಥ. ಎರಡನೆಯದಾಗಿ, ಯಾರಿಗೆ, ಏಕೆ, ಎಷ್ಟು ಎಂಬುದಕ್ಕೆ ಎಲ್ಲರೂ ಮೊದಲೇ ಒಪ್ಪಿದ ನಿಯಮವಿರಲಿಲ್ಲ.

ಇದಕ್ಕೆ ಸಾಕ್ಷಿಯಾಗಿ ಅದೇ ಡೆಬಿಯನ್ನಿನ ಇನ್ನೊಂದು ಏರ್ಪಾಟನ್ನು ನೋಡಬಹುದು. ಹಳೆಯ ಆವೃತ್ತಿಗಳಿಗೆ ಹೆಚ್ಚು ವರ್ಷ ಭದ್ರತಾ ತಿದ್ದುಪಡಿ ಒದಗಿಸುವ ಕಾರ್ಯ 2014ರಲ್ಲಿ ಆರಂಭವಾಯಿತು. ಬೇಸರದ ಕೆಲಸವಾದ್ದರಿಂದ ಸ್ವಯಂಸೇವಕರು ಮುಂದೆ ಬರುವುದು ಕಷ್ಟ. ಫ್ರಾನ್ಸಿನ ಫ್ರೆಕ್ಸಿಯನ್ ಎಂಬ ಕಂಪನಿಯು ಈ ತಿದ್ದುಪಡಿಗಳು ಬೇಕಾದ ಸಂಸ್ಥೆಗಳಿಂದ ಹಣ ಪಡೆದು, ದುಡಿಯುವವರಿಗೆ ಗಂಟೆಯ ಲೆಕ್ಕದಲ್ಲಿ ಕೊಡುತ್ತದೆ; ಯಾರು ಎಷ್ಟು ಗಂಟೆ ದುಡಿದರು, ಏನು ಮಾಡಿದರು ಎಂಬ ವರದಿ ಪ್ರಕಟವಾಗುತ್ತದೆ. ಹಣ ಕೊಡುವವನು ಗ್ರಾಹಕ, ಪಡೆಯುವವನು ಗುತ್ತಿಗೆದಾರ, ನಡುವೆ ಬಿಲ್ಲು ಉಂಟು. ಅಂದಿನ ರೋಷ ಇದರ ಮೇಲೆ ತಿರುಗಲಿಲ್ಲ.

ಹಂಚುವ ಬಗೆಗಳು

ಹಣದ ಹಂಚಿಕೆಗೆ ಒಂದೇ ಸೂತ್ರವಿಲ್ಲ. 1999ರಲ್ಲಿ ಸ್ಥಾಪಿತವಾದ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ದೇಣಿಗೆಯ ಹಣದಿಂದ ಸಂಕೇತ ಬರೆಯಿಸುವುದೇ ಇಲ್ಲವೆಂಬ ನೀತಿಯನ್ನು ಹೊಂದಿದೆ. ಸರ್ವರುಗಳು, ಕಾನೂನು ನೆರವು, ಪ್ರಚಾರ ಮುಂತಾದ ಸಾಮಾನ್ಯ ವೆಚ್ಚಗಳಿಗಷ್ಟೇ ಅದು ಹಣ ಬಳಸುತ್ತದೆ. ಜಗಳಕ್ಕೆ ಎಡೆಯಿಲ್ಲ, ನಿಜ. ಆದರೆ ಬರೆಯುವವನಿಗೆ ಸಂಬಳ ಕೊಡುವ ಕಂಪನಿ ಬೇರೆಲ್ಲಾದರೂ ಇರಬೇಕಾಗುತ್ತದೆ. 2000ದಲ್ಲಿ ಆರಂಭವಾದ ಫ್ರೀಬಿಎಸ್‌ಡಿ ಫೌಂಡೇಶನ್ ಇದಕ್ಕೆ ವಿರುದ್ಧ ದಾರಿ ಹಿಡಿದು ನಿರ್ದಿಷ್ಟ ಕೆಲಸಗಳಿಗೆ ಅನುದಾನ ನೀಡುತ್ತದೆ, ತಾನೇ ತಂತ್ರಜ್ಞರನ್ನು ನೇಮಿಸಿಕೊಳ್ಳುವುದೂ ಉಂಟು. ಲಿಬ್ರೆಆಫೀಸಿನ ಹಿಂದಿರುವ, ಬರ್ಲಿನ್ನಿನ ಡಾಕ್ಯುಮೆಂಟ್ ಫೌಂಡೇಶನ್ ಕೆಲವು ಕೆಲಸಗಳಿಗೆ ಟೆಂಡರು ಕರೆಯುತ್ತದೆ. ಆ ಪ್ರತಿಷ್ಠಾನಕ್ಕೆ ಬೇಕಾದ 50,000 ಯೂರೋ ಮೂಲಧನ 2011ರಲ್ಲಿ ಸಾರ್ವಜನಿಕರಿಂದ ಎಂಟೇ ದಿನಗಳಲ್ಲಿ ಕೂಡಿತೆಂಬುದನ್ನು ಇಲ್ಲಿ ನೆನೆಯಬಹುದು. ಅದಕ್ಕೂ ಮೊದಲು, 2002ರಲ್ಲಿ, ಮುಚ್ಚಿಹೋದ ಕಂಪನಿಯ ಸ್ವತ್ತಾಗಿದ್ದ ಬ್ಲೆಂಡರ್ ಎಂಬ ಚಿತ್ರರಚನೆಯ ತಂತ್ರಾಂಶವನ್ನು ಬಿಡಿಸಿಕೊಳ್ಳಲು ಬಳಕೆದಾರರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿದ್ದರು. ಒಂದು ಗುರಿ, ಒಂದು ಮೊತ್ತ, ಒಂದು ಗಡುವು ಇದ್ದರೆ ಜನ ಕೊಡುತ್ತಾರೆ. ತಿಂಗಳು ತಿಂಗಳೂ ಕೊಡಿ ಎಂದರೆ ಕಷ್ಟ.

ತಿಂಗಳ ಸಂಬಳದ ಕ್ರಮಕ್ಕೆ ಬೇಬಲ್ ಎಂಬ ಯೋಜನೆ ಉದಾಹರಣೆ. ಜಾಲತಾಣ ರಚಿಸುವವರಲ್ಲಿ ಬಹು ಬಳಕೆಯಲ್ಲಿರುವ ಈ ತಂತ್ರಾಂಶದ ಕೆಲವು ನಿರ್ವಾಹಕರಿಗೆ ದೇಣಿಗೆಯಿಂದಲೇ ಸಂಬಳ ಸಲ್ಲುತ್ತಿತ್ತು. 2021ರ ಮೇ ತಿಂಗಳಲ್ಲಿ ಅವರು, ಲಕ್ಷಾಂತರ ಜನ ಬಳಸುತ್ತಿದ್ದರೂ ನಮ್ಮ ಹಣ ಏಕೆ ಮುಗಿಯುತ್ತಿದೆ ಎಂಬರ್ಥದ ಪ್ರಕಟಣೆ ಹೊರಡಿಸಬೇಕಾಯಿತು. ದೇಣಿಗೆ ಏರಿಳಿಯುವಂಥದು, ಸಂಬಳ ಸ್ಥಿರವಾದದ್ದು. ಏರಿಳಿಯುವ ಆದಾಯದ ಎದುರು ಸ್ಥಿರ ವೆಚ್ಚ ಕಟ್ಟಿಕೊಂಡ ಯಾವ ಉದ್ಯಮಕ್ಕೂ ಬರುವ ಗತಿ ಅದು. ಆರು ತಿಂಗಳ ವೆಚ್ಚದಷ್ಟು ಮೀಸಲು ನಿಧಿ ಇಲ್ಲದೆ ಯಾರಿಗೂ ಮಾಸಿಕ ಸಂಬಳದ ವಚನ ಕೊಡಬಾರದೆಂಬುದು ನನ್ನ ಅಭಿಪ್ರಾಯ. ಇಎಸ್‌ಲಿಂಟ್ ಎಂಬ ಇನ್ನೊಂದು ಯೋಜನೆಯವರು ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಹಣ ಕಡಿಮೆಯಾದರೆ ಗಂಟೆಗಳನ್ನು ಕಡಿಮೆ ಮಾಡಬಹುದಾದ್ದರಿಂದ ಇದು ಹೆಚ್ಚು ಕ್ಷೇಮ.

ಒಂದೊಂದು ದೋಷ ತಿದ್ದಿದ್ದಕ್ಕೆ ಇಂತಿಷ್ಟು ಎಂದು ಕೊಡುವ ಕ್ರಮವೂ ಇದೆ. ನಮ್ಮ ಕಾರ್ಖಾನೆಗಳ ತುಂಡುಗೂಲಿಯ ಹಾಗೆ. ತುಂಡುಗೂಲಿಯಲ್ಲಿ ಏನಾಗುವುದೆಂದು ತಯಾರಕರಿಗೆ ಗೊತ್ತು: ಎಣಿಸಲು ಬರುವ ಕೆಲಸಕ್ಕೆ ಜನ ಮುಗಿಬೀಳುತ್ತಾರೆ, ಯಂತ್ರ ಒರೆಸುವವರು ಇರುವುದಿಲ್ಲ. ಬರೆದ ಸಾಲುಗಳನ್ನು ಎಣಿಸಿ ಹಣ ಹಂಚುವುದಂತೂ ಇನ್ನೂ ಅವಿವೇಕ. ನೂರು ಸಾಲು ಬರೆದವನಿಗಿಂತ ನೂರು ಸಾಲು ಅಳಿಸಿದವನ ಕೆಲಸ ದೊಡ್ಡದಿರಬಹುದು.

ಎಣಿಕೆಗೆ ಸಿಗದ ದುಡಿಮೆಯ ಬೆಲೆ ಎಷ್ಟೆಂಬುದು 2024ರ ಮಾರ್ಚ್ ಕೊನೆಯಲ್ಲಿ ತಿಳಿಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶವು ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಇರುವಂಥದು. ಅದನ್ನು ಬಹುಕಾಲ ಒಬ್ಬರೇ, ಯಾವ ಪ್ರತಿಫಲವೂ ಇಲ್ಲದೆ, ಅನಾರೋಗ್ಯದ ನಡುವೆ ನಡೆಸುತ್ತಿದ್ದರು. ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒತ್ತಾಯ ಅವರ ಮೇಲೆ ಬಂದಿತು. ಎರಡು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ಸಹಾಯ ಮಾಡಿ ವಿಶ್ವಾಸ ಗಳಿಸಿದ ಅನಾಮಿಕನೊಬ್ಬ ಸಹ ನಿರ್ವಾಹಕನಾಗಿ, ಅದರೊಳಗೆ ಕಳ್ಳಬಾಗಿಲನ್ನು ಇಟ್ಟನು. ಮೈಕ್ರೋಸಾಫ್ಟ್‌ನಲ್ಲಿದ್ದ ಆಂಡ್ರೆಸ್ ಫ್ರಾಯ್ಂಡ್ ಎಂಬುವರು ತಮ್ಮ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆಂದು ಬೆನ್ನುಹತ್ತಿದ್ದರಿಂದ ಅದು ವ್ಯಾಪಕವಾಗಿ ಹರಡುವ ಮುನ್ನವೇ ಸಿಕ್ಕಿಬಿದ್ದಿತು. ಉಗ್ರಾಣದ ಕೀಲಿಯನ್ನು ಒಬ್ಬನೇ ದಣಿದ ಕಾವಲುಗಾರನ ಕೈಯಲ್ಲಿ ಬಿಟ್ಟು, ಸಂಬಳವನ್ನೂ ಕೊಡದೆ, ಅವನು ಯಾರನ್ನು ಸಹಾಯಕ್ಕೆ ಕರೆದನೆಂದು ಯಾರೂ ನೋಡದಿದ್ದಂತಾಯಿತು.

ನಮ್ಮ ಹಿರಿಯರ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ಅವನು ಬೆಳೆ ಬೆಳೆದವನಲ್ಲ. ತೂಬನ್ನು ಎತ್ತಿಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವುದು, ಏರಿಯಲ್ಲಿ ನೀರು ಜಿನುಗಿದರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಅವನ ಆಯವನ್ನು ಕಣದಲ್ಲಿಯೇ ಅಳೆದು ಕೊಟ್ಟು ಉಳಿದದ್ದನ್ನು ಮನೆಗೆ ಸಾಗಿಸುತ್ತಿದ್ದರು. ಹಂಚಿಕೆಯ ವಿಚಾರ ಕೇಳಿದವರಿಗೆ ನಾನು ಹೇಳುವುದು ಇದನ್ನೇ. ಬಂದ ಹಣದಲ್ಲಿ ಮೊದಲು ನಿರ್ವಹಣೆಯ ಪಾಲನ್ನು ತೆಗೆದಿಡಬೇಕು: ಇತರರು ಬರೆದುದನ್ನು ಪರಿಶೀಲಿಸುವವರಿಗೆ, ಆವೃತ್ತಿ ಹೊರತರುವವರಿಗೆ, ಭದ್ರತೆಯ ದೂರುಗಳಿಗೆ ಉತ್ತರಿಸುವವರಿಗೆ. ಹೊಸ ಸೌಲಭ್ಯಗಳ ಮಾತು ಅನಂತರ.

ಹಣ ಇಟ್ಟುಕೊಳ್ಳುವವರು ಯಾರು?

ಸಣ್ಣ ತಂಡಗಳು ತಾವೇ ಸಂಸ್ಥೆ ಕಟ್ಟುವ ಬದಲು ಬೇರೆ ಸಂಸ್ಥೆಯ ಆಶ್ರಯದಲ್ಲಿ ಹಣ ಇಡುವುದು ರೂಢಿ. ಮಂಡಿಯ ಕಮಿಷನ್ ಏಜೆಂಟರಂತೆ ಈ ಸಂಸ್ಥೆಗಳಿಗೂ ಒಂದು ದರವುಂಟು. ಮೇಲೆ ಹೇಳಿದ ನ್ಯೂಯಾರ್ಕಿನ ಸಂಸ್ಥೆ ದೇಣಿಗೆಯ ಶೇಕಡಾ 5ರಷ್ಟನ್ನು, ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಶೇಕಡಾ 10ರಷ್ಟನ್ನು ಇಟ್ಟುಕೊಳ್ಳುತ್ತವೆ. ಲೆಕ್ಕ, ತೆರಿಗೆ, ಕರಾರುಪತ್ರಗಳ ಹೊರೆ ಇಳಿಯುವುದರಿಂದ ಇದು ದುಬಾರಿಯಲ್ಲ. ಓಪನ್ ಕಲೆಕ್ಟಿವ್ ಎಂಬ ವೇದಿಕೆಯಲ್ಲಿ ಪ್ರತಿಯೊಂದು ಜಮಾ, ಪ್ರತಿಯೊಂದು ಖರ್ಚು ಸಾರ್ವಜನಿಕರಿಗೆ ಕಾಣುತ್ತದೆ. ಲೆಕ್ಕಪರಿಶೋಧಕನ ಕಣ್ಣಿಗೆ ಇದಕ್ಕಿಂತ ತಂಪು ಬೇರಿಲ್ಲ. ಆದರೆ ಆಶ್ರಯವೂ ಶಾಶ್ವತವಲ್ಲ. ಅದೇ ವೇದಿಕೆಯಲ್ಲಿ ದತ್ತಿ ಸಂಸ್ಥೆಯಾಗಿ ಹಲವಾರು ಗುಂಪುಗಳ ಹಣ ಇಟ್ಟುಕೊಂಡಿದ್ದ ಓಪನ್ ಕಲೆಕ್ಟಿವ್ ಫೌಂಡೇಶನ್ ತಾನು ಮುಚ್ಚುವುದಾಗಿ 2024ರ ಫೆಬ್ರವರಿಯಲ್ಲಿ ಪ್ರಕಟಿಸಿದಾಗ, ಅದರ ಆಶ್ರಿತರು ಆ ವರ್ಷದೊಳಗೆ ಬೇರೆ ನೆಲೆ ಹುಡುಕಬೇಕಾಯಿತು.

ತೆರಿಗೆ ವಿನಾಯಿತಿ ಸುಲಭವಾಗಿ ಸಿಗುವುದೆಂದೂ ಎಣಿಸಲಾಗದು. ಶಾಟ್‌ವೆಲ್ ಎಂಬ ಛಾಯಾಚಿತ್ರ ತಂತ್ರಾಂಶ ರಚಿಸಿದ ಯೋರ್ಬಾ ಫೌಂಡೇಶನ್ 2009ರಲ್ಲಿ ಸಲ್ಲಿಸಿದ ಅರ್ಜಿಯನ್ನು ಅಮೆರಿಕದ ತೆರಿಗೆ ಇಲಾಖೆ 2014ರಲ್ಲಿ ತಿರಸ್ಕರಿಸಿತು. ತಂತ್ರಾಂಶವನ್ನು ಯಾರು ಬೇಕಾದರೂ, ಯಾವ ಉದ್ದೇಶಕ್ಕೆ ಬೇಕಾದರೂ ಬಳಸಬಹುದಾದ್ದರಿಂದ ಅದು ದತ್ತಿಕಾರ್ಯವಾಗದೆಂಬುದು ಇಲಾಖೆಯ ವಾದ. ಎಲ್ಲರಿಗೂ ಉಪಯುಕ್ತವಾದುದೇ ದೋಷವಾಯಿತು!

ನಮ್ಮ ದೇಶದ ಕಾನೂನು

ಕೆಲವು ಕಾಲದ ಹಿಂದೆ ಐವರು ಯುವಕರು ನನ್ನ ಕಚೇರಿಗೆ ಬಂದಿದ್ದರು. ಕನ್ನಡದಲ್ಲಿ ಬಿಲ್ಲು ಮುದ್ರಿಸುವ ಸಣ್ಣ ತಂತ್ರಾಂಶವೊಂದನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟವರು. ಬಳಸಿದವರು ಕಳಿಸಿದ ಹಣ, ಹೊರದೇಶದ ಕಂಪನಿಯೊಂದು ಕೊಟ್ಟದ್ದು ಎಲ್ಲ ಸೇರಿ ವರ್ಷದಲ್ಲಿ ಸುಮಾರು ಆರು ಲಕ್ಷ ರೂ.ಗಳು ಅವರಲ್ಲೊಬ್ಬನ ಉಳಿತಾಯ ಖಾತೆಗೆ ಜಮೆಯಾಗಿದ್ದವು. ಹುಡುಗ ಪ್ರಾಮಾಣಿಕ, ಪ್ರತಿ ಪೈಸೆಯನ್ನೂ ನೋಟುಬುಕ್ಕಿನಲ್ಲಿ ಬರೆದಿಟ್ಟು ಐದು ಪಾಲು ಮಾಡಿ ಹಂಚಿದ್ದನು. ಆದರೆ ಇಲಾಖೆಯ ದಾಖಲೆಯಲ್ಲಿ ಅಷ್ಟೂ ಅವನ ಹೆಸರಿನಲ್ಲೇ ಇತ್ತು. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂ.ಗಳಿಗೆ ಮೀರಿ ಬಂದ ಹಣ, ಉಡುಗೊರೆಯೆಂದರೂ, ಇಡಿಯಾಗಿ ತೆರಿಗೆಗೆ ಒಳಪಡುತ್ತದೆ. ದುಡಿಮೆಯ ಫಲವೆಂದರೆ ವೃತ್ತಿಯ ಆದಾಯವಾಗುತ್ತದೆ. ಅವನ ಉದ್ಯೋಗದ ಸಂಬಳದ ಮೇಲೆ ಇದೂ ಸೇರಿ, ಐದರಲ್ಲೊಂದು ಪಾಲು ಪಡೆದವನು ಐದೂ ಪಾಲಿನ ತೆರಿಗೆಗೆ ಉತ್ತರ ಹೇಳಬೇಕಾದ ಸ್ಥಿತಿ ಒದಗಿತು. ಮಿಕ್ಕ ನಾಲ್ವರಲ್ಲಿ ಇಬ್ಬರು ತಮ್ಮ ಪಾಲಿನ ತೆರಿಗೆಯನ್ನು ಹಿಂದಿರುಗಿಸಲು ಒಪ್ಪಿದರು, ಇನ್ನಿಬ್ಬರು ಬರುವುದನ್ನೇ ಬಿಟ್ಟರು. ತಂತ್ರಾಂಶದ ಕೆಲಸವೂ ಅಲ್ಲಿಗೆ ನಿಂತಿತು. ಹಣ ಬರುವ ಮುನ್ನ ಎರಡು ಪುಟದ ಕರಾರು ಬರೆದು ಪಾಲುದಾರಿಕೆಯನ್ನೋ ಸೀಮಿತ ಹೊಣೆಯ ಪಾಲುದಾರಿಕೆಯನ್ನೋ ಮಾಡಿಕೊಂಡಿದ್ದರೆ ಇದು ತಪ್ಪುತ್ತಿತ್ತು.

ಲಾಭದ ಉದ್ದೇಶವಿಲ್ಲದವರಿಗೆ ಬೇರೆ ದಾರಿಗಳಿವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. 2013ರ ಕಂಪನಿ ಕಾಯ್ದೆಯ 8ನೇ ಕಲಮಿನಡಿ ಕಂಪನಿ ಮಾಡಬಹುದು. ಆದರೆ ಇವುಗಳಲ್ಲಿ ಉಳಿತಾಯವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಮಾಡಿದ ಕೆಲಸಕ್ಕೆ ಯುಕ್ತ ಸಂಭಾವನೆ ಕೊಡಬಹುದೇ ಹೊರತು ಪಾಲು ಕೊಡಲಾಗದು.

ಹೊರದೇಶದ ಹಣದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಸಂಘ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಆದರೆ ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ ಸೇವೆ ಸಲ್ಲಿಸಿ ಪಡೆದ ಶುಲ್ಕವು ಆ ಕಾಯ್ದೆಯ ಅರ್ಥದಲ್ಲಿ ವಿದೇಶಿ ವಂತಿಗೆಯಲ್ಲ. ಹಾಗಾಗಿ ಹೊರದೇಶದ ಬಳಕೆದಾರನಿಗೆ ನಿಜವಾಗಿ ಸೇವೆ ಸಲ್ಲಿಸಿ ಬಿಲ್ಲು ಕೊಡುವ ಪಾಲುದಾರಿಕೆಗೆ ದಾರಿ ಸುಗಮ. ಷರತ್ತುಗಳು ಪೂರೈಸಿದರೆ ಜಿಎಸ್‌ಟಿಯಲ್ಲಿ ಅದು ಸೇವೆಯ ರಫ್ತು, ಶೂನ್ಯ ದರ.

ಇನ್ನು ಕೊಡುವವರ ಕಡೆ. ದೇಣಿಗೆಯಾದರೆ 80ಜಿ ಮಾನ್ಯತೆಯುಳ್ಳ ಭಾರತೀಯ ಸಂಸ್ಥೆಗೆ ಕೊಟ್ಟದ್ದಕ್ಕೆ ಮಾತ್ರ ಕಡಿತ, 2,000 ರೂ.ಗಳಿಗೆ ಮೀರಿದ ನಗದಿಗೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ಮಾಲೀಕರಿಗೆ ಈ ಕಡಿತ ದೊರೆಯದೆಂಬುದನ್ನು ಅನೇಕರು ಮರೆಯುತ್ತಾರೆ. ವಿದೇಶಿ ಪ್ರತಿಷ್ಠಾನಕ್ಕೆ ಕೊಟ್ಟದ್ದಕ್ಕಂತೂ ಪ್ರಶ್ನೆಯೇ ಇಲ್ಲ. ಇದರ ಬದಲು ಬೆಂಬಲ ಸೇವೆಗೋ ನಿರ್ದಿಷ್ಟ ತಿದ್ದುಪಡಿಗೋ ಹಣ ಕೊಟ್ಟು ಬಿಲ್ಲು ಪಡೆದರೆ ಅದು ಪೂರ್ಣವಾಗಿ ವ್ಯಾಪಾರದ ವೆಚ್ಚ, 1961ರ ಕಾಯ್ದೆಯ 37(1)ನೇ ಕಲಮಿನಂತೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ, ತತ್ತ್ವ ಅದೇ. ದತ್ತಿ ಸಂಸ್ಥೆಯು ದಾನಿಯ ಹೆಸರನ್ನು ಕೃತಜ್ಞತೆಗಾಗಿ ಹಾಕಿದರೆ ಜಿಎಸ್‌ಟಿ ಇಲ್ಲ, ವ್ಯಾಪಾರದ ಜಾಹೀರಾತಾಗುವಂತೆ ಹಾಕಿದರೆ ಉಂಟು ಎಂದು 2019ರ ಅಕ್ಟೋಬರ್ 11ರ ಸುತ್ತೋಲೆ ಸ್ಪಷ್ಟಪಡಿಸಿದೆ.

ನಮ್ಮ ರಾಜ್ಯದಿಂದಲೇ ದೊಡ್ಡ ಪ್ರಮಾಣದ ಪ್ರಯತ್ನವೊಂದು ಹೊರಟಿರುವುದು ಸಂತೋಷದ ಸಂಗತಿ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ 2024ರ ಅಕ್ಟೋಬರಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳವರೆಗೆ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ಕೊಡುವ ನಿಧಿಯನ್ನು ಘೋಷಿಸಿತು. ಒಂದು ಯೋಜನೆಗೆ 10,000 ಡಾಲರಿನಿಂದ ಒಂದು ಲಕ್ಷ ಡಾಲರಿನವರೆಗೆ. ತಾವು ಬೆಳೆದದ್ದು ಇಂಥ ತಂತ್ರಾಂಶಗಳ ಮೇಲೆಯೇ ಎಂದು ಅವರು ಹೇಳಿಕೊಂಡಿದ್ದಾರೆ. ಹಣ ಬೇಕಾದ ಯೋಜನೆಯು ತನಗೆ ಎಷ್ಟು, ಏತಕ್ಕೆ ಬೇಕೆಂಬುದನ್ನು ನಿಗದಿತ ನಮೂನೆಯ ಕಡತದಲ್ಲಿ ಬರೆದು ಪ್ರಕಟಿಸಬೇಕೆಂಬ ಅವರ ನಿಯಮ ನನಗೆ ಮೆಚ್ಚಿಗೆಯಾಯಿತು. ಕೇಳುವವನು ಮೊದಲು ಅಂದಾಜುಪಟ್ಟಿ ಕೊಡಲಿ.

ನಮ್ಮ ಸದಸ್ಯರು ಅಷ್ಟು ಕೊಡಬೇಕಾಗಿಲ್ಲ. ತಮ್ಮ ವ್ಯಾಪಾರ ಯಾವ ಯಾವ ಮುಕ್ತ ತಂತ್ರಾಂಶಗಳ ಮೇಲೆ ನಿಂತಿದೆಯೆಂದು ಒಂದು ಪಟ್ಟಿ ಮಾಡಿಸಿ, ಅದರಲ್ಲಿ ಯಾವುದು ಒಂದು ದಿನ ನಿಂತರೆ ಅಂಗಡಿಯೂ ನಿಲ್ಲುವುದೋ ಅದಕ್ಕೆ ಕೊಡುವುದು ಒಳಿತು. ಕೊಡುವ ಮುನ್ನ ಹಣ ಯಾರ ಹೆಸರಿಗೆ ಹೋಗುತ್ತದೆ, ಹಂಚಿಕೆಯ ನಿಯಮ ಎಲ್ಲಿ ಬರೆದಿದೆ, ಕಳೆದ ವರ್ಷದ ಲೆಕ್ಕ ಎಲ್ಲಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನನ್ನ ಕಕ್ಷಿದಾರರ 20,000 ರೂ.ಗಳನ್ನು ಆ ವರ್ಷ ಮಾಲೀಕರ ವೈಯಕ್ತಿಕ ಹಿಂತೆಗೆತವೆಂದು ತೋರಿಸಬೇಕಾಯಿತು. ಅವರಿಗೆ ಸ್ವಲ್ಪ ಬೇಸರವೂ ಆಯಿತು. ಮುಂದಿನ ವರ್ಷ ಅದೇ ತಂತ್ರಾಂಶಕ್ಕೆ ತಿದ್ದುಪಡಿಗಳನ್ನು ಬರೆದು ಮೂಲ ಯೋಜನೆಗೇ ಹಿಂದಿರುಗಿಸುವ ಸೇವಾದಾರರೊಬ್ಬರೊಡನೆ ವಾರ್ಷಿಕ ಬೆಂಬಲ ಕರಾರು ಮಾಡಿಕೊಂಡರು: 24,000 ರೂ., ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 4,320 ರೂ. ಆ 4,320 ರೂ. ಹೂಡುವಳಿ ತೆರಿಗೆಯಾಗಿ ಜಮೆಗೆ ಸಿಕ್ಕಿತು, 24,000 ರೂ. ಖರ್ಚಿಗೆ ಹೋಯಿತು. ದಾಸ್ತಾನು ಪಟ್ಟಿಯಲ್ಲಿ ಬಹುದಿನಗಳಿಂದ ಕಾಡುತ್ತಿದ್ದ, ಒಂದೇ ವಸ್ತು ಎರಡು ಬಾರಿ ಎಣಿಕೆಯಾಗುವ ದೋಷವೊಂದನ್ನು ಆ ಸೇವಾದಾರರು ಮೂರನೇ ತಿಂಗಳಲ್ಲಿ ತಿದ್ದಿಕೊಟ್ಟರೆಂದು ಕಕ್ಷಿದಾರರು ತಿಳಿಸಿದ್ದಾರೆ.